ಎಳೆಯಬೇಡಿ

ಇವತ್ತೊಂದು ರಾತ್ರಿಗೆ ಈ ಮನೆ ನಿಮ್ಮದು. ಮುಂಬೈಯಾಚೆಯ ಕಳಂಬೋಲಿಯಲ್ಲಿ ಸಿಡ್ಕೋ ಕಟ್ಟಿದ ಹಳೇ ಕಟ್ಟಡ, ಎರಡನೇ ಮಹಡಿ, ಒಂದು ರೂಮು, ಒಂದು ಅಡುಗೆಮನೆ. ಹೊರಗೆ ಆಷಾಢದ ಮಳೆ. ಹಗ್ಗದ ಮೇಲಿನ ಬಟ್ಟೆ ಒಣಗುವ ಲಕ್ಷಣವೇ ಇಲ್ಲ, ಅದರ ಮುಗ್ಗಲು ವಾಸನೆಗೆ ಮೂಗು ಒಗ್ಗಿಹೋಗಿದೆ. ಗಾಳಿ ತಳೋಜಾ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ತಿರುಗಿದಾಗ ಮಾತ್ರ ಇನ್ನೊಂದು ಘಾಟು ಸೇರಿ ಗಂಟಲು ಕೆರೆಯುತ್ತದೆ. ಕೆಳಗೆ ಉಕ್ಕಿನ ಸುರುಳಿ ಹೊತ್ತ ಟ್ರೇಲರೊಂದು ಪೀಂ ಪೀಂ ಎನ್ನುತ್ತ ಹಿಂದಕ್ಕೆ ಸರಿಯುತ್ತಿದೆ. ನಿಮಗದು ಕೇಳಿಸುವುದೇ ಇಲ್ಲ. ಈ ಊರಲ್ಲಿ ನಾಲ್ಕು ಮಳೆಗಾಲ ಕಳೆದ ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ಯಜಮಾನರು ಲೋಖಂಡ ಬಜಾರಿನ ವಜನ್ ಕಾಟಾದಲ್ಲಿ ರಾತ್ರಿ ಪಾಳಿ: ಲಾರಿ ತೂಗುವುದು, ಚೀಟಿ ಹರಿದು ಕೊಡುವುದು. ಅತ್ತೆ ಮಂಡಿ ತೋರಿಸಲೆಂದು ಇಂಡಿಯಿಂದ ಬಂದು ಗೋಡೆಗೊರಗಿ ಜಪಸರ ಹಿಡಿದಿದ್ದಾರೆ.

ನೀವು ಚಾಪೆಯ ಮೇಲೆ ಕಾಲು ಚಾಚಿ ಕೂತು ಯಾರದೋ ಇಳಕಲ್ ಸೀರೆಗೆ ಫಾಲ್ ಹಚ್ಚುತ್ತಿದ್ದೀರಿ. ಅದು ಮುಗಿದರೆ ಸೆರಗಿನ ಕುಚ್ಚು. ಕೈಯಲ್ಲಿರುವುದು ಹೊಸ ಸೂಜಿ. ಹಳೆಯದು ನಿನ್ನೆ ಮಧ್ಯಾಹ್ನ ಕಾಣೆಯಾಯಿತು. ಕುಕ್ಕರ್ ಕೂಗಿತೆಂದು ಅದನ್ನು ಕುಚ್ಚಿನ ದಾರದ ಸಮೇತ ಸೀರೆಯ ಮಡಿಕೆಗೆ ಚುಚ್ಚಿ ಎದ್ದಿರಿ, ಬಂದು ನೋಡಿದರೆ ಸೂಜಿಯೂ ಇಲ್ಲ, ದಾರವೂ ಇಲ್ಲ. ಬರಿಗಾಲಿಗೆ ಹೆದರಿ, ಯಜಮಾನರು ಬಜಾರಿನಿಂದ ತಂದಿಟ್ಟ ಅಯಸ್ಕಾಂತವನ್ನು ನೆಲದುದ್ದಕ್ಕೂ ಆಡಿಸಿದಿರಿ. ಗುಂಡುಪಿನ್ನು ಬಂತು, ಕೂದಲ ಕ್ಲಿಪ್ಪು ಬಂತು, ಸೂಜಿ ಬರಲಿಲ್ಲ.

ಈಗ ಕೈ ನಿಲ್ಲಿಸಿ. ಕೇಳಿ.

ಮಂಚದ ಕೆಳಗೆ ಏನೋ ನುಂಗುತ್ತಿದೆ. ಒಮ್ಮೆ ನುಂಗಿ ಸುಮ್ಮನಾಗುವ ಸದ್ದಲ್ಲ. ನುಂಗಿ, ನಿಂತು, ಮತ್ತೆ ನುಂಗುವ ಸದ್ದು, ಬಾಯಲ್ಲಿ ಏನೂ ಇಲ್ಲದೆ. ಬೆಳಗ್ಗೆ ಇದೇ ಬೆಕ್ಕು ಬಾಗಿಲ ಹತ್ತಿರ ಹಳದಿ ನೊರೆ ಕಕ್ಕಿತ್ತು. ಕೂದಲುಂಡೆ ಇರಬೇಕೆಂದು ಒರೆಸಿ ಹಾಕಿದಿರಿ. ಸಂಜೆ ಬಾಂಗಡೆಯ ತಲೆ ಇಟ್ಟರೂ ಬರಲಿಲ್ಲ. ಮೀನಿಗೆ ಬಾರದ ಬೆಕ್ಕು! ಅದು ಆಗಲೇ ನಿಮ್ಮ ಕಿವಿ ಹಿಂಡಬೇಕಿತ್ತು.

ಹೆಸರು ಕರೆವ್ವ. ಬಣ್ಣಕ್ಕೆ ತಕ್ಕ ಹೆಸರು, ಇಟ್ಟವರು ಅತ್ತೆ. ಬಜಾರಿನಲ್ಲಿ ಪೈಪುಗಳ ಅಟ್ಟಿಯ ನಡುವೆ ಅಂಗೈಯಗಲದ ಮರಿಯಾಗಿ ಸಿಕ್ಕಿದ್ದು, ಅಂಗಿಯ ಜೇಬಿನಲ್ಲಿ ಮನೆಗೆ ಬಂತು. ಅಂದಿನಿಂದ ಹೊಸ್ತಿಲು ದಾಟಿಸಿಲ್ಲ. ದಾಟಿಸುವುದಾದರೂ ಎಲ್ಲಿಗೆ? ಈ ಕಡೆ ಸಾಯನ್–ಪನವೇಲ್ ಹೆದ್ದಾರಿ, ಆ ಕಡೆ ಪುಣೆಯ ಎಕ್ಸ್‌ಪ್ರೆಸ್ ರಸ್ತೆ ಶುರುವಾಗುವ ಜಾಗ, ನಡುವೆ ಹಗಲೂ ರಾತ್ರಿ ಹದಿನಾರು ಗಾಲಿಯ ಗಾಡಿಗಳು. ಕಳಂಬೋಲಿಯ ಬೆಕ್ಕಿಗೆ ಬಾಗಿಲು ಮುಚ್ಚಿಡುವುದೇ ಆಯುಷ್ಯ. ಆದರೆ ಒಳಗೆ ಇಲಿಯಿಲ್ಲ, ಹಕ್ಕಿಯಿಲ್ಲ. ಬೇಟೆಯ ಹಸಿವು ಮಾತ್ರ ಹಾಗೇ ಇದೆ. ಹಾಗಾಗಿ ಅದು ಊದುಬತ್ತಿ ಪೊಟ್ಟಣದ ರಬ್ಬರ್ ಬ್ಯಾಂಡನ್ನು ಬೇಟೆಯಾಡುತ್ತದೆ. ದೇವರ ಮುಂದಿನ ಗೆಜ್ಜೆವಸ್ತ್ರ, ಹೂಬತ್ತಿ, ಮಗಳ ಕೂದಲ ಬ್ಯಾಂಡು, ಬಾಡಿದ ಮಲ್ಲಿಗೆ ದಂಡೆಯ ದಾರ, ಹೋದ ವರ್ಷದ ರಾಖಿಯ ಜರಿ, ಚಪ್ಪಲಿಯ ಸ್ಪಂಜು. ನೆರೆಯವರಿಗೆ ನೀವಿದನ್ನು ನಗುತ್ತಲೇ ಹೇಳಿದ್ದೀರಿ, ಅವರೂ ನಕ್ಕಿದ್ದಾರೆ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಜಾನ್ ಬ್ರಾಡ್‌ಶಾ ಮತ್ತು ಜೊತೆಗಾರರು 1997ರಲ್ಲಿ ಇಂಥ 152 ಬೆಕ್ಕುಗಳ ಲೆಕ್ಕ ತೆಗೆದಾಗ ಎಲ್ಲಕ್ಕಿಂತ ಹೆಚ್ಚು ಬೆಕ್ಕುಗಳ ಹಲ್ಲಿಗೆ ಸಿಕ್ಕಿದ್ದು ಉಣ್ಣೆ, ನಂತರ ಹತ್ತಿ, ಕೃತಕ ಎಳೆಯ ಬಟ್ಟೆ. ಸಯಾಮಿ ಮತ್ತು ಬರ್ಮೀಸ್ ತಳಿಗಳಿಗೆ ಈ ಚಟ ಹೆಚ್ಚು. ಬಟ್ಟೆ ಜಗಿದುಕೊಂಡೇ ಕೆಲವು ಬೆಕ್ಕುಗಳು ಮುದಿತನ ಮುಟ್ಟುತ್ತವೆ. ದಾರದ ಮಾತೇ ಬೇರೆ.

ಮಂಚದ ಕೆಳಗೆ ಕೈ ಹಾಕಿ. ಪರಚುವುದಿಲ್ಲ, ಅದೇ ಮೊದಲ ಹೆದರಿಕೆ. ಹೊರಗೆಳೆದು ಮಡಿಲಲ್ಲಿಟ್ಟುಕೊಂಡರೆ ಗದ್ದವೆಲ್ಲ ಜೊಲ್ಲಿನಿಂದ ತೊಯ್ದಿದೆ, ಜೊಲ್ಲಿಗೆ ಹುಳಿ ವಾಸನೆ. ಬೆನ್ನು ಗೂನಾಗಿದೆ. ಹೊಟ್ಟೆ ಮುಟ್ಟಿದಿರೋ ಇಲ್ಲವೋ, ಇಡೀ ಮೈ ಬಿಗಿಯುತ್ತದೆ. ಅತ್ತೆ ಮೊಬೈಲಿನ ಬೆಳಕು ಹಿಡಿಯುತ್ತಾರೆ. ನೀವು ಹೆಬ್ಬೆರಳು ಕೋರೆಹಲ್ಲಿನ ಹಿಂದೆ ಇಟ್ಟು ಬಾಯಿ ಬಿಡಿಸುತ್ತೀರಿ. ಗುಲಾಬಿ ನಾಲಿಗೆ. ಅದರ ಬದಿಯಲ್ಲಿ, ಬುಡದ ಹತ್ತಿರ, ರಾಣಿ ಬಣ್ಣದ ಒಂದು ಗೆರೆ.

ಕುಚ್ಚಿನ ರೇಷ್ಮೆ ದಾರ.

ತುದಿ ಕಾಣುತ್ತಿದೆ. ಉಗುರಿನಷ್ಟು. ನಿಮ್ಮ ಬೆರಳುಗಳು ಇಡೀ ದಿನ ಇದೇ ಕೆಲಸ ಮಾಡುವ ಬೆರಳುಗಳು. ಎಷ್ಟು ಸೂಕ್ಷ್ಮದ ಎಳೆಯನ್ನೂ ಉಗುರಿನ ಸಂದಿಯಲ್ಲಿ ಹಿಡಿದು ಸರಕ್ಕನೆ ಎಳೆಯಬಲ್ಲವು. ಆಗಲೇ ಹೊರಟಿವೆ. ಹೆಬ್ಬೆರಳು, ತೋರುಬೆರಳು. ಹಿಡಿದಿರಿ. ಒದ್ದೆ, ಜಾರುತ್ತದೆ. ಮತ್ತೆ ಹಿಡಿದಿರಿ. ಈಗ ಸಿಕ್ಕಿತು.

ಎಳೆಯಬೇಡಿ.

ಬೆರಳು ಅಲ್ಲೇ ಇರಲಿ, ಒಂದು ಉಸಿರಿನಷ್ಟು ಹೊತ್ತು. ಆ ದಾರದ ಇನ್ನೊಂದು ತುದಿ ಎಲ್ಲಿದೆಯೆಂದು ಹೇಳುತ್ತೇನೆ.

ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳನ್ನು ನೀವು ಬಲ್ಲಿರಿ, ಮಣಿಕಟ್ಟು ನೆಕ್ಕಿದಾಗ ಉರಿದಿದೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್ನಿನ ಮುಳ್ಳುಗಳು, ಪ್ರತಿಯೊಂದರ ಮೊನೆಯೂ ಗಂಟಲಿನ ಕಡೆಗೆ ಬಾಗಿದೆ. ಮೂಳೆಗೆ ಅಂಟಿದ ಮಾಂಸ ಹೆರೆಯಲು, ಮೈಗೂದಲು ಬಾಚಲು ಇದಕ್ಕಿಂತ ಒಳ್ಳೆಯ ಹತ್ಯಾರವಿಲ್ಲ. ಆ ಮುಳ್ಳಿನ ತುದಿ ಸೌಟಿನ ಬಾಯಿಯಂತೆ ಟೊಳ್ಳಾಗಿದ್ದು ಉಗುಳನ್ನು ಕೂದಲ ಬುಡಕ್ಕೆ ಒಯ್ಯುತ್ತದೆ ಎಂಬುದನ್ನು 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ತೋರಿಸಿದರು. ಆದರೆ ದಾರ ಒಮ್ಮೆ ಈ ನಾಲಿಗೆಯ ಮೇಲೆ ಬಿತ್ತೆಂದರೆ ಉಗಿಯಲಾಗದು. ಉಗಿಯಲು ನಾಲಿಗೆ ಆಡಿಸಿದಷ್ಟೂ ಮುಳ್ಳು ಅದನ್ನು ಒಳಕ್ಕೇ ತಳ್ಳುತ್ತದೆ. ಕರೆವ್ವಳಿಗೆ ಸೂಜಿ ತಿನ್ನುವ ಆಸೆ ಇರಲಿಲ್ಲ. ದಾರದ ಜೊತೆ ಆಡಿತು, ದಾರ ಒಳಗೆ ಹೋಯಿತು, ದಾರದ ಹಿಂದೆ ಸೂಜಿ ಹೋಯಿತು.

ಹೋಗುವಾಗ ದಾರದ ಒಂದು ಕುಣಿಕೆ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿದೆ. ಉಳಿದದ್ದು ಅನ್ನನಾಳ ಇಳಿದು, ಜಠರ ದಾಟಿ, ಸಣ್ಣ ಕರುಳಿಗೆ ಹೊರಟಿದೆ. ಕರುಳು ಸುಮ್ಮನಿರುವ ವಸ್ತುವಲ್ಲ. ಬಂದದ್ದನ್ನು ಮುಂದೆ ಮುಂದೆ ನೂಕುವುದೇ ಅದರ ಕೆಲಸ. ದಾರ ಮುಂದೆ ಹೋಗಲಾರದು, ಮೇಲೆ ಕಟ್ಟಿಬಿದ್ದಿದೆ. ಆಗ ಕರುಳೇ ದಾರದ ಮೇಲೇರಿ ಬರತೊಡಗುತ್ತದೆ. ಲಂಗದ ಪಟ್ಟಿಯೊಳಗೆ ಲಾಡಿ ಬಿಗಿದಾಗ ಬಟ್ಟೆ ನಿರಿನಿರಿಯಾಗಿ ಒಂದೆಡೆ ಮುದುಡುವುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು? ಒಳಗೆ ಆಗುತ್ತಿರುವುದು ಅದೇ. ಬಿಗಿದ ದಾರ ಪ್ರತಿ ನೂಕಿಗೂ ಕರುಳಿನ ಒಳಮೈಯನ್ನು ಒಂದೇ ಗೆರೆಯಲ್ಲಿ ಉಜ್ಜುತ್ತದೆ, ಕೊಯ್ಯುತ್ತದೆ. ಕೊಯ್ದು ತೂತಾದರೆ ಕರುಳಿನೊಳಗಿದ್ದದ್ದು ಹೊಟ್ಟೆಯೊಳಗೆ ಚೆಲ್ಲಿ ನಂಜಾಗುತ್ತದೆ. ನೀವೀಗ ಮೇಲಿನಿಂದ ಎಳೆದರೆ ಆ ಗರಗಸಕ್ಕೆ ನಿಮ್ಮ ಕೈಯ ಬಲವೂ ಸೇರುತ್ತದೆ. ಸೂಜಿ ಬೇರೆ ಇದೆ. ದಾರ ಹಿಂದಕ್ಕೆ ಬಂದರೆ ಸೂಜಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ಸೂಜಿ ಚುಚ್ಚುತ್ತದೆ.

ಬೆರಳು ಬಿಡಿ.

ಬಿಟ್ಟಿರಿ. ಈ ರಾತ್ರಿ ನೀವು ಮಾಡಲಿರುವ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ, ಏನನ್ನೂ ಮಾಡದೆ ಇರುವುದು. ತುದಿ ಕಣ್ಣೆದುರು ಇದೆ. ಬೆಕ್ಕು ನಿಮ್ಮನ್ನೇ ನೋಡುತ್ತಿದೆ. ಮತ್ತೊಮ್ಮೆ ನುಂಗುತ್ತದೆ, ಆ ಉಗುರಿನಷ್ಟು ತುದಿಯಲ್ಲಿ ಅರ್ಧ ಒಳಕ್ಕೆ ಸರಿಯುತ್ತದೆ. ನಿಮ್ಮ ಅಂಗೈ ಬೆವರುತ್ತದೆ.

"ಹಳ್ಳೆಣ್ಣಿ ಹಾಕೂಣೇನ ಯವ್ವಾ? ಜಾರಿ ಹೊಂಟು ಹೋಕ್ಕೈತಿ," ಅನ್ನುತ್ತಾರೆ ಅತ್ತೆ.

"ಬ್ಯಾಡ್ರಿ ಅತ್ತಿ."

"ಉಪ್ಪಿನ ನೀರರ ಕುಡಸು. ಕಾರ್ಕೊಳ್ಳಲಿ."

ಅದೂ ಬೇಡ. ಇಳಿದ ಸೂಜಿ ವಾಂತಿಯ ರಭಸಕ್ಕೆ ಮೇಲೆ ಬರುವಾಗ ಎಲ್ಲಿ ನಾಟುತ್ತದೋ ಯಾರು ಬಲ್ಲರು. ಸಾಲದ್ದಕ್ಕೆ ಅಷ್ಟು ಉಪ್ಪೇ ಬೆಕ್ಕಿಗೆ ವಿಷ. ಪಕ್ಕದ ಮನೆಯ ಕಾಕೂ ಸದ್ದು ಕೇಳಿ ಬಂದವರು ಬೆಕ್ಕಿನ ಕಿವಿ ಮುಟ್ಟಿ ನೋಡಿ, ಮೈ ಸುಡುತ್ತಿದೆ, ಜ್ವರದ ಮಾತ್ರೆ ಕಾಲು ಭಾಗ ಅರೆದು ಕೊಡು ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಮಕ್ಕಳಿಗೆ ಕೊಟ್ಟು ರೂಢಿ. ಆ ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲ್ ಕರಗಿಸಿ ಹೊರಹಾಕುವ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಕಂದುಬಣ್ಣಕ್ಕೆ ತಿರುಗಿ ಪ್ರಾಣವಾಯು ಹೊರುವುದನ್ನೇ ಬಿಡುತ್ತದೆ. ಮನುಷ್ಯರ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಂದೀತು. ದಾರ ಕೊಲ್ಲಲು ದಿನಗಳು ಬೇಕು, ಮಾತ್ರೆಗೆ ಅಷ್ಟು ಪುರುಸೊತ್ತು ಬೇಡ. ನೀವು ಕಾಕೂನ ಕೈ ಹಿಡಿದು ಕೂರಿಸುತ್ತೀರಿ.

ಫೋನು. ಲಸಿಕೆ ಹಾಕಿದ ಡಾಕ್ಟರು ಎಷ್ಟು ರಿಂಗಾದ ಮೇಲೆ ಎತ್ತುತ್ತಾರೋ, ಪ್ರತಿ ರಿಂಗಿಗೂ ನಿಮ್ಮ ಹೊಟ್ಟೆ ಕಿವುಚುತ್ತದೆ. ಎತ್ತಿದರು. ನಿದ್ದೆಯ ದನಿ. ನೀವು ದಾರ ಅನ್ನುತ್ತಿದ್ದಂತೆ ಆ ದನಿಯಿಂದ ನಿದ್ದೆ ಹಾರಿಹೋಗುತ್ತದೆ.

"ಓಢೂ ನಕಾ, ತಾಈ. ದೋರಾ ಓಢೂ ನಕಾ!"

ಎಳೆದಿಲ್ಲ ಅಂದಿರಿ. ಕತ್ತರಿಸಲೂಬೇಡಿ, ನೀರೂ ಕೊಡಬೇಡಿ ಅನ್ನುತ್ತಾರೆ. ಬರೀ ದಾರವಾಗಿದ್ದು, ಬೆಕ್ಕು ಲವಲವಿಕೆಯಿಂದ ಇದ್ದಿದ್ದರೆ ನಾಲಿಗೆಯಡಿ ಕತ್ತರಿಸಿ ಒಂದು ದಿನ ಕಣ್ಣಿಟ್ಟು ಕಾಯುವುದುಂಟು, ಕೆಲವೊಮ್ಮೆ ತಾನಾಗಿ ಹೊರಬಿದ್ದದ್ದೂ ಉಂಟು. ಆದರೆ ಇಲ್ಲಿ ಸೂಜಿ ಇದೆ, ವಾಂತಿ ಇದೆ, ಹೊಟ್ಟೆ ಮುಟ್ಟಗೊಡುತ್ತಿಲ್ಲ. ಬೆಳಗಾಗುವವರೆಗೆ ಕಾಯಬೇಡಿ. ನನ್ನಲ್ಲಿ ರಾತ್ರಿ ಆಪರೇಶನ್ನಿನ ಸೌಕರ್ಯವಿಲ್ಲ. ಮುಂಬೈಗೆ ಹೋಗಿ, ಮಹಾಲಕ್ಷ್ಮಿಗೆ.

ಇಲ್ಲೊಂದು ಸಂಗತಿ ಹೇಳಬೇಕು, ನಿಮಗೆ ಈಗ ಕೇಳುವ ವ್ಯವಧಾನ ಇರದಿದ್ದರೂ. ಮಹಾಲಕ್ಷ್ಮಿಯಲ್ಲಿ 2024ರ ಜುಲೈಯಲ್ಲಿ ಬಾಗಿಲು ತೆರೆದ ಟಾಟಾ ಟ್ರಸ್ಟ್ಸ್‌ನ ಪ್ರಾಣಿ ಆಸ್ಪತ್ರೆ ಮೊದಲು ಬರಬೇಕಿದ್ದದ್ದು ಕಳಂಬೋಲಿಗೇ. 2017ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಲ್ಲಿದ್ದ ಜಾಗ ನಿಮ್ಮ ಈ ಊರು. ಸಾಕಿದವರಿಗೆ ಅಷ್ಟು ದೂರದ ಓಡಾಟ ತೊಡಕಾದೀತೆಂದು ರತನ್ ಟಾಟಾ ಅದನ್ನು ನಗರದ ನಡುವಿಗೆ ತಂದರು. 2.2 ಎಕರೆ, 165 ಕೋಟಿ ರೂಪಾಯಿ, ಹಗಲು ರಾತ್ರಿ ತೆರೆದ ಬಾಗಿಲು. ಅವರಿಗೂ ಒಂದು ನೋವಿತ್ತು: ತಮ್ಮ ನಾಯಿಯ ಕೀಲು ಬದಲಿಸಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದವರೆಗೆ ಹೊತ್ತೊಯ್ದಿದ್ದರು, ಹೊತ್ತು ಮೀರಿತ್ತು. ಲೆಕ್ಕ ಸರಿಯೇ ಇದೆ, ಕೋಟಿ ಜನರ ಊರಿಗೆ ನಡುವೆಯೇ ಬೇಕು. ಆದರೆ ಇವತ್ತು ರಾತ್ರಿ ಆ ದೂರ ನಿಮ್ಮ ಪಾಲಿಗೆ ಬಂದಿದೆ, 40 ಕಿಲೋಮೀಟರಿನ ಆಸುಪಾಸು.

ರಿಕ್ಷಾ ಸಾಯನ್ ದಾಟುವಂತಿಲ್ಲ. ಕಾಕೂನ ಮಗ ಟ್ಯಾಕ್ಸಿ ಓಡಿಸುತ್ತಾನೆ, ಈಗಷ್ಟೇ ಸಿಎನ್‌ಜಿ ತುಂಬಿಸಿ ಬಂದು ಊಟಕ್ಕೆ ಕೂತಿದ್ದಾನೆ. ತಟ್ಟೆ ಬಿಟ್ಟು ಏಳುತ್ತಾನೆ. ಬೆಕ್ಕು ಒಯ್ಯುವ ಡಬ್ಬಿ ನಿಮ್ಮಲ್ಲಿಲ್ಲ. ಒಗೆಯುವ ಬಟ್ಟೆಯ ಪ್ಲಾಸ್ಟಿಕ್ ಬುಟ್ಟಿಗೆ ಟವೆಲ್ ಹಾಸಿ, ಕರೆವ್ವಳನ್ನು ಇಳಿಸಿ, ಮೇಲೆ ಇನ್ನೊಂದು ಬುಟ್ಟಿ ಮುಚ್ಚುತ್ತೀರಿ. ಕಟ್ಟಲು ಕೈ ದಾರದುಂಡೆಯ ಕಡೆಗೇ ಹೋಗುತ್ತದೆ. ನಿಂತು, ಓಢಣಿ ಬಿಚ್ಚಿ ಬಿಗಿಯುತ್ತೀರಿ.

ಹೆದ್ದಾರಿಯ ಬಾಯಿಯಲ್ಲಿ ಹುಡುಗ ಕೇಳುತ್ತಾನೆ, ವಾಶಿಯೋ ಅಟಲ್ ಸೇತುವೋ? ವಾಶಿಯಲ್ಲಿ 2024ರ ಅಕ್ಟೋಬರದಿಂದ ಕಾರಿಗೆ ಟೋಲ್ ಇಲ್ಲ, ಆದರೆ ಮಾನಖುರ್ದದಿಂದಾಚೆ ಮಳೆ ನೀರು, ಗುಂಡಿ, ಜಾಮು. ಸಮುದ್ರದ ಮೇಲಿನ ಸೇತುವೆಗೆ ಒಂದು ಸಲಕ್ಕೆ 250 ರೂಪಾಯಿ. ಎರಡೂವರೆ ನೂರು ಅಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು ಸೀರೆಯ ಫಾಲ್ ಎಂದು ತಲೆ ತಾನಾಗಿ ಎಣಿಸಲು ಹೊರಡುತ್ತದೆ. ಬುಟ್ಟಿಯೊಳಗಿಂದ ಓಕರಿಕೆಯ ಸದ್ದು. ಎಣಿಕೆ ಅಲ್ಲಿಗೇ ನಿಂತಿತು. "ಸೇತು," ಅಂದಿರಿ.

ಉಲ್ವೆ ದಾಟುತ್ತಿದ್ದಂತೆ ಊರಿನ ದೀಪಗಳು ಮುಗಿದು ಎರಡೂ ಕಡೆ ಕತ್ತಲು. 21.8 ಕಿಲೋಮೀಟರಿನ ಸೇತುವೆ, ಅದರಲ್ಲಿ 16.5 ನೀರಿನ ಮೇಲೆ. ಮಳೆ ಅಡ್ಡಡ್ಡ ಹೊಡೆಯುತ್ತಿದೆ. ಉಪ್ಪು ಕೆಸರಿನ ವಾಸನೆ ಏಸಿಯೊಳಗೂ ಬರುತ್ತದೆ. ಬುಟ್ಟಿ ನಿಮ್ಮ ತೊಡೆಯ ಮೇಲಿದೆ, ಅದರ ಜಾಲರಿ ತೊಡೆಗೆ ಅಚ್ಚೊತ್ತುತ್ತಿದೆ. ಮೊದಮೊದಲು ಕೂಗುತ್ತಿದ್ದ ಬೆಕ್ಕು ಈಗ ಕೂಗುತ್ತಿಲ್ಲ. ಸಂದಿಯಿಂದ ಎರಡು ಬೆರಳು ಒಳಗಿಡುತ್ತೀರಿ. ತುಪ್ಪಳ. ಪಕ್ಕೆಲುಬು. ಏರಿತು, ಇಳಿಯಿತು. ಮತ್ತೆ ಏರಿತು. ಒಸಡು ಮುಟ್ಟಿ ನೋಡುತ್ತೀರಿ, ಒದ್ದೆಯಾಗಿರಬೇಕಾದದ್ದು ಬೆರಳಿಗೆ ಅಂಟುತ್ತದೆ. ಮೈಯಲ್ಲಿ ನೀರು ಆರುತ್ತಿದೆ. ನಿನ್ನೆಯಿಂದ ಹೊಟ್ಟೆಗೆ ಬಿದ್ದಿಲ್ಲ. ಬೆಕ್ಕಿಗೆ ಉಪವಾಸ ಆಗಿಬರುವುದಿಲ್ಲ. ಕೆಲವೇ ದಿನ ಉಣ್ಣದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದನ್ನೇ ಕೆಡಿಸುತ್ತದೆ, ದುಂಡಗಿರುವ ಬೆಕ್ಕಿಗೆ ಇನ್ನೂ ಬೇಗ.

"ಟೆನ್ಶನ್ ಘೇಊ ನಕಾ, ತಾಈ," ಅನ್ನುತ್ತಾನೆ ಹುಡುಗ. ಸ್ಪೀಡೋಮೀಟರ್ ನೂರರ ಹತ್ತಿರ ನಡುಗುತ್ತಿದೆ.

ಶಿವಡಿಯಲ್ಲಿ ಇಳಿದು ಪರೇಲ್. ಬಲಕ್ಕೋ ಎಡಕ್ಕೋ ಎಲ್ಲೋ ಇಲ್ಲೇ ಬಾಯಿ ಸಾಕರ್‌ಬಾಯಿ ಆಸ್ಪತ್ರೆ, ಅದರ ಮಗ್ಗುಲಲ್ಲಿ 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜು. ಟ್ರಾಮು ಎಳೆದ ಕುದುರೆಗಳ, ಗಾಡಿಯೆತ್ತುಗಳ ಕಾಲದಿಂದ ಈ ಊರು ತನ್ನ ಪ್ರಾಣಿಗಳನ್ನು ಹೊತ್ತುಕೊಂಡು ಬಂದದ್ದು ಈ ಬೀದಿಗಳಿಗೇ. ನೀವು ಏನನ್ನೂ ನೋಡುತ್ತಿಲ್ಲ. ಬೆರಳ ತುದಿಯಲ್ಲಿ ಉಸಿರು ಎಣಿಸುತ್ತಿದ್ದೀರಿ.

ಬಾಗಿಲು. ಬಿಳಿ ಬೆಳಕು, ಫಿನಾಯಿಲಿನ ವಾಸನೆ, ಎಲ್ಲೋ ಒಂದು ನಾಯಿ ಒಂದೇ ಸಮ ಕುಂಯ್‌ಗುಡುತ್ತಿದೆ. ಬುಟ್ಟಿ ನಿಮ್ಮ ಕೈಯಿಂದ ಹೋಯಿತು. ಡಾಕ್ಟರು ಚಿಕ್ಕ ವಯಸ್ಸಿನವರು, ಹೆಚ್ಚು ಮಾತಿಲ್ಲ. ಒಂದು ಕೈಯಲ್ಲಿ ಬಾಯಿ ತೆರೆದು, ಇನ್ನೊಂದರ ಹೆಬ್ಬೆರಳನ್ನು ಹೊರಗಿನಿಂದ ದವಡೆಯ ಎರಡು ಮೂಳೆಗಳ ನಡುವಿನ ಮೆತ್ತನೆಯ ಜಾಗಕ್ಕೆ ಒತ್ತುತ್ತಾರೆ. ಇಡೀ ನಾಲಿಗೆ ಮೇಲೆದ್ದಿತು. ಅದರ ಕೆಳಗೆ, ಬುಡದ ತೆಳು ಪೊರೆಯಲ್ಲಿ, ರಾಣಿ ಬಣ್ಣದ ಕುಣಿಕೆ ಆಗಲೇ ಮಾಂಸ ಕಚ್ಚಿಕೊಂಡು ಕೂತಿದೆ.

"ಎಳೆದಿರಾ?"

ನೀವು ತಲೆಯಾಡಿಸುತ್ತೀರಿ. ಇಲ್ಲ.

ಎಕ್ಸ್‌ರೇಯಲ್ಲಿ ದಾರ ಕಾಣುವುದಿಲ್ಲ. ಸೂಜಿ ಕಾಣುತ್ತದೆ, ಬೇಡವೆಂದರೂ ಕಾಣುತ್ತದೆ, ಬೂದುಬಣ್ಣದ ಹೊಟ್ಟೆಯೊಳಗೆ ಇಷ್ಟುದ್ದದ ಬೆಳ್ಳಗಿನ ಗೀರು. ಅದರ ಆಚೀಚೆ ಕರುಳಿನ ಗಾಳಿ ಉದ್ದುದ್ದ ಕೊಳವೆಯಾಗಿ ಹರಡಿಕೊಂಡಿರಬೇಕಾದದ್ದು ತುಂಡು ತುಂಡು ಗುಳ್ಳೆಗಳಾಗಿ ಒಂದೇ ಕಡೆ ಗುಂಪುಗಟ್ಟಿದೆ. ಡಾಕ್ಟರ ಪೆನ್ನು ಆ ಗುಳ್ಳೆಗಳ ಮೇಲೆ ಓಡುತ್ತದೆ. ಸೂಜಿ ಜಠರದಲ್ಲೇ ಒಂಟಿಯಾಗಿ ಇದ್ದಿದ್ದರೆ ಕ್ಯಾಮರಾದ ನಳಿಗೆ ಇಳಿಸಿ ತೆಗೆಯುತ್ತಿದ್ದೆವು. ದಾಟಿಬಿಟ್ಟಿದೆ. ಹೊಟ್ಟೆ ತೆರೆಯಬೇಕು. ಕರುಳು ತೂತಾಗಿದೆಯೋ ಇಲ್ಲವೋ ತೆರೆದ ಮೇಲೆಯೇ ಗೊತ್ತು.

ಕಾಗದ ಬರುತ್ತದೆ. ಅರಿವಳಿಕೆಯಲ್ಲಿ ಹೃದಯ ನಿಲ್ಲಬಹುದು ಎಂಬ ಸಾಲಿನ ಕೆಳಗೆ ಗೆರೆ, ಗೆರೆಯ ಮೇಲೆ ನಿಮ್ಮ ಹೆಸರು ಬೇಕು. ಮೊದಲು ಫೋನು ಮಾಡುತ್ತೀರಿ.

"ಎಷ್ಟಾಕ್ಕೈತಂತ?"

ಹೇಳುತ್ತೀರಿ. ಆ ಕಡೆ ಮಾತಿಲ್ಲ. ಕಾಟಾದ ಹಲಗೆಯ ಮೇಲೆ ಲಾರಿಯೊಂದು ಹತ್ತುವ ದಡಬಡ ಸದ್ದು, ಯಾರೋ ಹಿಂದಿಯಲ್ಲಿ ಚೀಟಿ ಕೇಳುವುದು. ಪೈಪಿನ ಸಂದಿಯಿಂದ ಎತ್ತಿ ಜೇಬಿಗಿಳಿಸಿದ ಕೈ ಆ ಫೋನು ಹಿಡಿದಿದೆ ಎಂಬುದನ್ನು ನೀವು ನೆನೆಯುತ್ತೀರಿ, ಊರಿಗೆ ಕಳಿಸಬೇಕಾದ ದುಡ್ಡನ್ನೂ ನೆನೆಯುತ್ತೀರಿ.

"ಮಾಡಸ್ ತಗೋ," ಅನ್ನುತ್ತಾರೆ ಅವರು. ಫೋನು ಇಟ್ಟಾಯಿತು. ಸಹಿ ಸೊಟ್ಟಗೆ ಬಂತು.

ಮುಂದಿನ ಬಾಗಿಲಿನೊಳಗೆ ನಿಮ್ಮನ್ನು ಬಿಡುವುದಿಲ್ಲ. ನಾನು ಕರೆದೊಯ್ಯುತ್ತೇನೆ, ಬನ್ನಿ, ಏನನ್ನೂ ಮುಟ್ಟಬೇಡಿ. ಮುಂಗಾಲಿನ ಕೂದಲು ಹೆರೆದು ಸೂಜಿ ಚುಚ್ಚಿ ಡ್ರಿಪ್ ಹಚ್ಚಿದ್ದಾರೆ. ಗಂಟಲಿಗೆ ನಳಿಗೆ ಇಳಿದಿದೆ, ಮಾನಿಟರು ಟಿಕ್ ಟಿಕ್ ಅನ್ನುತ್ತಿದೆ. ಮೊದಲ ಕತ್ತರಿ ಹೊಟ್ಟೆಗಲ್ಲ, ನಾಲಿಗೆಯ ಬುಡಕ್ಕೆ. ಕುಣಿಕೆ ತುಂಡಾಯಿತು. ಮೇಲಿನ ಕಟ್ಟು ಬಿಚ್ಚಿದೊಡನೆ ಒಳಗಿನ ಬಿಗಿ ಸಡಿಲವಾಯಿತೆಂದು ತಿಳಿಯಬೇಡಿ, ದಾರ ಕೆಳಗೂ ಸಿಕ್ಕಿಕೊಂಡಿದೆ. ಈಗ ಹೊಟ್ಟೆಯ ನಡುಗೆರೆಯಲ್ಲಿ ಬ್ಲೇಡು. ಬೆಚ್ಚಗಿನ, ಲೋಹದಂಥ ವಾಸನೆ. ಕರುಳನ್ನು ಒದ್ದೆ ಬಟ್ಟೆಯ ಮೇಲೆ ಎತ್ತಿಡುತ್ತಾರೆ: ಕೆಂಪಾಗಿ, ಉಬ್ಬಿ, ನಿರಿಗೆ ಬಿದ್ದು ಮುದುಡಿದೆ. ಕಪ್ಪಾಗಿಲ್ಲ. ಡಾಕ್ಟರು ಪ್ರತಿ ನಿರಿಗೆ ಬಿಡಿಸಿ ಒಳಬದಿಯ ಅಂಚನ್ನು ನೋಡುತ್ತಾರೆ, ಎರಡು ಬೆರಳಿನ ನಡುವೆ, ಬಲು ನಿಧಾನ. ತೂತಾಗುವುದಿದ್ದರೆ ಆ ಅಂಚಿನಲ್ಲೇ. ಒಂದು ಕಡೆ ನಿಲ್ಲುತ್ತಾರೆ. ಬಗ್ಗುತ್ತಾರೆ. ಗಾಜಿನಷ್ಟು ತೆಳುವಾದ ಒಂದು ಗೆರೆ, ಅದರಡಿ ರಾಣಿ ಬಣ್ಣ ಹೊಳೆಯುತ್ತಿದೆ. ಒಡೆದಿಲ್ಲ.

ಇವರೂ ಎಳೆಯುವುದಿಲ್ಲ, ಗಮನಿಸಿ. ಹೊಟ್ಟೆ ತೆರೆದು, ದಾರ ಕಣ್ಣೆದುರು ಇದ್ದರೂ ಇಡಿಯಾಗಿ ಎಳೆಯುವುದಿಲ್ಲ. ಜಠರದಲ್ಲೊಂದು ಸೀಳು, ಕರುಳಿನಲ್ಲಿ ಅಲ್ಲಲ್ಲಿ ಚಿಕ್ಕ ಸೀಳು, ಪ್ರತಿ ಸೀಳಿನಿಂದ ಸಡಿಲಾದಷ್ಟು ಮಾತ್ರ ತೆಗೆದು ಕತ್ತರಿ. ಸೂಜಿ ಕೊನೆಯ ಸೀಳಿನಿಂದ ಬಂತು, ಕಣ್ಣಿನ ತುದಿ ಮುಂದಾಗಿ. ನಂತರ ಹೊಲಿಗೆ. ನಿಮ್ಮ ಹೆಮ್ಮಿಂಗಿನ ಟಾಂಕಿಗಿಂತ ಸಣ್ಣ ಟಾಂಕಿ, ಮೈಯಲ್ಲೇ ಕರಗುವ ದಾರ. ಹೊಲಿದ ಕರುಳಿಗೆ ಉಪ್ಪುನೀರು ತುಂಬಿ ಒತ್ತಿ ನೋಡುತ್ತಾರೆ, ಎಲ್ಲಿಯೂ ಜಿನುಗಲಿಲ್ಲ.

ಜಠರದಿಂದ ಬೇರೆಯದೂ ಬಂದಿದೆ. ಕೂದಲ ರಬ್ಬರ್ ಬ್ಯಾಂಡು ಎರಡು, ಹೂಬತ್ತಿಯ ಹತ್ತಿ ಒಂದು ಮುದ್ದೆ, ಚಪ್ಪಲಿಯ ಸ್ಪಂಜು. ಇದೇನು ದೊಡ್ಡದಲ್ಲ, ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ 2023ರಲ್ಲಿ ಒಂದೇ ಬೆಕ್ಕಿನ ಹೊಟ್ಟೆಯಿಂದ ಕೂದಲ ಬ್ಯಾಂಡು 38 ತೆಗೆದಿದ್ದರು. ಟ್ರೇ ನೋಡಿದರೆ ನಿಮಗೆ ಮಗಳ ಶಾಲೆಯ ನೀಲಿ ಬ್ಯಾಂಡು ಗುರುತು ಸಿಗುತ್ತದೆ. ಕಳೆದಿದ್ದಕ್ಕೆ ಅವಳಿಗೆ ಬೈದಿದ್ದೂ ನೆನಪಾಗುತ್ತದೆ.

ಹೊರಗಿನ ಕುರ್ಚಿಗೆ ಮರಳಿ ಬನ್ನಿ. ಕಾಲು ಜೋಮು ಹಿಡಿದಿದೆ. ಡಾಕ್ಟರು ಬಂದು ಎದುರು ಕೂರುತ್ತಾರೆ, ಕೈಯಲ್ಲಿ ರಕ್ತದ ರಿಪೋರ್ಟು. ಬೆಕ್ಕು ಎದ್ದಿದೆ, ಚೆನ್ನಾಗಿದೆ. ಇನ್ನು ಮೂರನೆಯ ದಿನದಿಂದ ಐದನೆಯ ದಿನದವರೆಗೆ ಗಂಡಾಂತರ, ಹೊಲಿಗೆ ಬಿಡುವುದಿದ್ದರೆ ಆಗಲೇ; ಅಷ್ಟರಲ್ಲಿ ಉಣ್ಣದಿದ್ದರೆ, ಕಕ್ಕಿದರೆ, ಮಂಕಾದರೆ ಗಂಟೆ ನೋಡದೆ ಕರೆತನ್ನಿ. ನೀವು ಏಳಲು ಹೋಗುತ್ತೀರಿ. ಅವರು ಏಳುವುದಿಲ್ಲ.

"ಗೋಡೆ ನೆಕ್ಕುತ್ತದೆಯೇ?"

ನೀವು ತಬ್ಬಿಬ್ಬು. ನೆಕ್ಕುತ್ತದೆ. ಬಚ್ಚಲಿನ ಸುಣ್ಣ ಉದುರಿದ ಮೂಲೆ, ಕುಂಡದ ಮಣ್ಣು, ಮಲದ ಡಬ್ಬಿಯ ಮರಳು ಕೂಡ. ಉಪ್ಪಿನ ರುಚಿಗೆ ಇರಬೇಕೆಂದು ಬಿಟ್ಟಿದ್ದಿರಿ.

"ರಕ್ತದಲ್ಲಿ ಕೆಂಪುಕಣ 22 ಪರ್ಸೆಂಟ್ ಇದೆ, 30ಕ್ಕಿಂತ ಮೇಲಿರಬೇಕು. ಮೈಯಲ್ಲಿ ನೀರು ಆರಿದ್ದಾಗ ಈ ಲೆಕ್ಕ ಜಾಸ್ತಿ ತೋರಿಸುತ್ತದೆ, ಹಾಗಾಗಿ ನಿಜದ್ದು ಇನ್ನೂ ಕಡಿಮೆ."

ರಕ್ತಹೀನತೆ ಇರುವ ಬೆಕ್ಕು ಸಿಮೆಂಟು, ಮಣ್ಣು ನೆಕ್ಕುವುದು ಪಶುವೈದ್ಯರಿಗೆ ಹಳೆಯ ಪರಿಚಯ. ದಾರ ಆಟಕ್ಕೆ ಹೋಗಿದ್ದಿರಬಹುದು. ಮಣ್ಣು, ಸುಣ್ಣ ಆಟಕ್ಕಲ್ಲ. ಕೊಕ್ಕೆಹುಳು ಇರಬಹುದು, ಚಿಗಟ ಇರಬಹುದು, ಮರಿಯಿದ್ದಾಗ ತಾಯಿಯಿಂದ ಅಂಟಿದ ಲ್ಯುಕೇಮಿಯಾ ವೈರಾಣುವೂ ಇರಬಹುದು. ಡಾಕ್ಟರು ಮೂರು ಪರೀಕ್ಷೆ ಬರೆಯುತ್ತಾರೆ. ಹೊಟ್ಟೆಯ ಗಾಯ ಮಾಗುವ ಮೊದಲು ಉತ್ತರ ಬೇಕು ಅನ್ನುತ್ತಾರೆ. ನೀವು ಮತ್ತೊಂದು ಕಾಗದಕ್ಕೆ ಸಹಿ ಹಾಕುತ್ತೀರಿ, ಈ ಸಲ ಸಹಿ ನೆಟ್ಟಗಿದೆ.

ಮಳೆ ನಿಂತಿದೆ. ಹುಡುಗನಿಗೆ ಬೆಳಗಿನ ವಿಮಾನ ನಿಲ್ದಾಣದ ಬಾಡಿಗೆ ಇದೆ, ಹೋಗು ಎಂದು ಕಳಿಸಿ, ಮೆಟ್ಟಿಲ ಮೇಲೆ ನಿಂತು ಅತ್ತೆಗೆ ಫೋನು ಹಚ್ಚುತ್ತೀರಿ. ಅವರು ಮಲಗಿಯೇ ಇಲ್ಲ.

"ಬದುಕೇತಿ ಅತ್ತಿ. ಈಗ ಒಂದು ಕೆಲಸ ಮಾಡ್ರಿ. ಮನ್ಯಾಗ ನೆಲದ ಮ್ಯಾಲ ಏನೇನೈತಿ ಎಲ್ಲಾ ಎತ್ತಿಡ್ರಿ. ದಾರ, ಬತ್ತಿ, ರಬ್ಬರು, ಹೂವಿನ ದಾರ, ನಿಮ್ಮ ಜಪಸರ ಸೈತ. ಟ್ರಂಕಿನಾಗ ಹಾಕಿ ಕೀಲಿ ಹಾಕ್ರಿ."

"ಜಪಸರ?"

"ಹೂಂ ರೀ."

"ಅಷ್ಟೂ ಎತ್ತಿಟ್ರ ಅದು ಇಡೀ ದಿನಾ ಆಡೂದರ ಏನ್ ಜೋಡಿ ಯವ್ವಾ?"

"ಮೊದ್ಲ ಎತ್ತಿಡ್ರಿ. ಆಮ್ಯಾಲ ನೋಡೂಣು."